ನಾಳೆ ಬಾ

1990ರ ದಶಕದಲ್ಲಿ ಕರ್ನಾಟಕದ ಎಷ್ಟೋ ಊರುಗಳಲ್ಲಿ ಮನೆಗಳ ಬಾಗಿಲ ಮೇಲೆ ಎರಡೇ ಪದದ ಒಂದು ಬರಹ ಕಾಣಿಸಿಕೊಂಡಿತು: 'ನಾಳೆ ಬಾ'. ಸೀಮೆಸುಣ್ಣವೋ ಇದ್ದಿಲೋ, ಕೈಗೆ ಸಿಕ್ಕಿದ್ದರಲ್ಲಿ ಗೀಚಿದ್ದು. ರಾತ್ರಿ ಹೊತ್ತು ಹೆಣ್ಣು ದೆವ್ವವೊಂದು ಬಂದು, ಮನೆಯವರಿಗೆ ಗೊತ್ತಿರುವ ದನಿಯಲ್ಲೇ ಹೆಸರು ಹಿಡಿದು ಕೂಗುತ್ತದೆ, ಓಗೊಟ್ಟು ಬಾಗಿಲು ತೆಗೆದವರು ಉಳಿಯುವುದಿಲ್ಲ ಎಂಬುದು ಸುದ್ದಿ. ಬರಹ ಓದಿದ ದೆವ್ವ ಸರಿ ಎಂದು ಹಿಂದಿರುಗುತ್ತದೆ. ಮರುದಿನ ಬಂದರೆ ಮತ್ತೆ ಅದೇ ಬರಹ. ಸಾಲ ಕೇಳಲು ಬಂದವನನ್ನು ಸಾಗಹಾಕಿ ಅಭ್ಯಾಸವಿದ್ದ ನಾಡಿಗೆ ದೆವ್ವವನ್ನು ಸಾಗಹಾಕುವುದು ಕಷ್ಟವಾಗಲಿಲ್ಲ. ದೆವ್ವಕ್ಕೆ ಓದಲು ಬರುತ್ತದೆ, ಸಾಲದ್ದಕ್ಕೆ ಹೇಳಿದ ಮಾತನ್ನೂ ಕೇಳುತ್ತದೆ ಎಂಬ ನಂಬಿಕೆಯಂತೂ ನನಗೆ ಬಹಳ ಹಿಡಿಸುತ್ತದೆ. ಆದರೆ ಭಯದೊಡನೆ ನಾವು ಮಾಡಿಕೊಳ್ಳುವ ರಾಜಿಯೆಲ್ಲ ಈ ಎರಡು ಪದಗಳಲ್ಲೇ ಇದೆ. 'ಬರಬೇಡ' ಎಂದು ಯಾರೂ ಬರೆಯಲಿಲ್ಲ. ಇವತ್ತಿಗೆ ತಪ್ಪಿಸಿಕೊಂಡದ್ದು ನಿಜ, ನಾಳೆಗೆ ಕರೆದದ್ದೂ ನಿಜ. ಹೀಗೆ ದಿನವೂ ಕರೆಯೋಲೆ ಕೊಟ್ಟು ಸಾಕಿದ ಭಯ ಸಣ್ಣದಾಗುವುದಾದರೂ ಹೇಗೆ?

ಎಲ್ಲ ಭಯವೂ ದೆವ್ವದ ಭಯವಲ್ಲ ಸ್ವಾಮಿ, ಎಂದು ಕವಲಂದೆ ಕಡೆಯವರು ತಕರಾರು ತೆಗೆದಾರು. ತೆಗೆಯಬೇಕಾದ್ದೇ. ಒಂದು ಮಗ್ಗುಲಿಗೆ ನಂಜನಗೂಡು, ಇನ್ನೊಂದು ಮಗ್ಗುಲಿಗೆ ಟಿ. ನರಸೀಪುರ ಇರುವ ಸೀಮೆ ಅದು. 2022ರ ಅಕ್ಟೋಬರ್ ಕೊನೆಯಿಂದ 2023ರ ಜನವರಿಯೊಳಗೆ ಟಿ. ನರಸೀಪುರ ತಾಲ್ಲೂಕಿನಲ್ಲಿ ಚಿರತೆ ದಾಳಿಗೆ ನಾಲ್ವರು ಸತ್ತರು. ಅವರಲ್ಲಿ 11 ವರ್ಷದ ಹುಡುಗನೂ ಇದ್ದ. ಚಿರತೆಗೆ ಓದು ಬರದು. ಆ ತಿಂಗಳುಗಳಲ್ಲಿ ಕತ್ತಲಾದ ಮೇಲೆ ಹೊರಗೆ ಕಾಲಿಡಲು ಹೆದರಿದವರಿಗೆ 'ನಿಮ್ಮೊಳಗೆ ನೋಡಿಕೊಳ್ಳಿ' ಎಂದು ಉಪದೇಶ ಮಾಡುವುದು ಬರೀ ಕೊಬ್ಬು. ಅವರಿಗೆ ಬೇಕಿದ್ದದ್ದು ಬೋನು, ಬೀದಿ ದೀಪ, ಪಂಪ್‌ಸೆಟ್ಟಿಗೆ ಹಗಲು ಹೊತ್ತಿನ ಕರೆಂಟು. ಇಷ್ಟನ್ನು ಒಪ್ಪಿಕೊಂಡೇ ನನ್ನ ಮಾತು ಹೇಳುತ್ತೇನೆ. ಹೊಲಕ್ಕೆ ಹೋಗಲೇಬೇಕಾದವರು ಜೊತೆಗೂಡಿ, ಬ್ಯಾಟರಿ ಹಿಡಿದು, ಗಟ್ಟಿಯಾಗಿ ಮಾತಾಡುತ್ತ ಹೋಗಬೇಕು, ಮೊಬೈಲಿನಲ್ಲಿ ಹಾಡು ಹಾಕಿಕೊಂಡರೂ ಆದೀತು ಎಂಬುದು ಚಿರತೆ ಓಡಾಡುವ ಕಡೆ ಹೇಳುವ ಮಾತು. ಚಿರತೆ ಸಾಮಾನ್ಯವಾಗಿ ಮನುಷ್ಯರ ಸದ್ದಿಗೆ ದೂರ ಸರಿಯುವ ಪ್ರಾಣಿ. ಒಂಟಿಯಾದವರು, ಬಗ್ಗಿ ಕೂತವರು, ಮಕ್ಕಳು ಅದಕ್ಕೆ ಸುಲಭದ ತುತ್ತು. ಇದನ್ನು ತಿಳಿದವರ ಭಯ ಹೋಗಿಬಿಡುವುದಿಲ್ಲ, ಅದಕ್ಕೊಂದು ಅಳತೆ ಸಿಗುತ್ತದೆ: ಕಬ್ಬಿನ ಗದ್ದೆಯ ಯಾವ ಬದು, ಎಷ್ಟು ಹೊತ್ತಿನಲ್ಲಿ, ಎಷ್ಟು ಜನ. ಅಳತೆ ಸಿಗದ ಭಯ ಇಡೀ ರಾತ್ರಿಯನ್ನೇ ಚಿರತೆ ಮಾಡಿಬಿಡುತ್ತದೆ.

ಮುಂದೂಡುವುದೂ ಒಂದು ಜಾಣತನವಲ್ಲವೇ ಎಂದು ಇನ್ನೊಬ್ಬರು ಕೇಳಬಹುದು. ಹೌದು. 1983ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಥಾಮಸ್ ಬೋರ್ಕೊವೆಕ್ ಮತ್ತು ಸಂಗಡಿಗರು ಹೆಚ್ಚುಕಡಿಮೆ ಇದನ್ನೇ ಚಿಕಿತ್ಸೆಯಾಗಿ ಪರೀಕ್ಷಿಸಿದರು. ಚಿಂತೆ ತಲೆಗೆ ಬಂದೊಡನೆ ಅದನ್ನು ದಿನದ ಗೊತ್ತಾದ ಅರ್ಧ ಗಂಟೆಗೆ ಮುಂದಕ್ಕೆ ಹಾಕುವುದು. ಆ ಹೊತ್ತಿಗೆ, ಗೊತ್ತಾದ ಜಾಗದಲ್ಲಿ ಕೂತು, ಮನಸಾರೆ ಚಿಂತಿಸುವುದು. ಹಾಗೆ ಮಾಡಿದವರ ಚಿಂತೆ ಕಡಿಮೆಯಾಯಿತು. ಅವರೂ 'ನಾಳೆ ಬಾ' ಎಂದವರೇ. ಆದರೆ ಹೇಳಿದ ಹೊತ್ತಿಗೆ ಬಾಗಿಲು ತೆಗೆದರು.

ದೆವ್ವ ಗೊತ್ತಿದ್ದವರ ದನಿಯಲ್ಲಿ ಕೂಗುತ್ತದೆ ಎಂದು ಮೊದಲು ಕತೆ ಕಟ್ಟಿದವರು, ಯಾರೇ ಇರಲಿ, ಮನಸ್ಸನ್ನು ಚೆನ್ನಾಗಿ ಬಲ್ಲವರು. ಜೀವಮಾನವಿಡೀ ಕಾಲಿಗೆ ತೊಡರುವ ಭಯಗಳು ಬರುವುದು ಹಾಗೇ. 'ನಿನ್ನ ಕೈಲಿ ಎಲ್ಲಾಗುತ್ತೆ' ಎನ್ನುವುದು ಅಪ್ಪನ ದನಿಯಲ್ಲಿ, 'ನಾಲ್ಕು ಜನ ಏನಂದಾರು' ಎನ್ನುವುದು ಸೋದರತ್ತೆಯ ದನಿಯಲ್ಲಿ. ಸಾಲದ ಲೆಕ್ಕವನ್ನು ಹೆಂಡತಿಯ ಮುಂದೆ ಬಿಚ್ಚಲಾರದವನು, ಎದೆಯ ಗಂಟನ್ನು ಡಾಕ್ಟರಿಗೆ ತೋರಿಸಲಾರದವಳು ಹೆದರುವುದು ಲೆಕ್ಕಕ್ಕೋ ಗಂಟಿಗೋ ಎಂಬುದು ನನಗೆ ಅನುಮಾನ. ಒಳಗೆ ನೋಡಿಕೊಳ್ಳುವುದು ಎಂದರೆ ಕೂಗುತ್ತಿರುವ ದನಿ ಯಾರದೆಂದು ಗುರುತು ಹಿಡಿಯುವುದು, ಅಷ್ಟೇ. ಕಣ್ಣು ಮುಚ್ಚಿ ಕೂತು ಒಬ್ಬೊಬ್ಬರೇ ಮಾಡಿ ಮುಗಿಸುವ ಕೆಲಸವೂ ಅದಲ್ಲ. ನಂಜನಗೂಡಿನ ನಂಜುಂಡೇಶ್ವರನ ಕತೆಯನ್ನೇ ನೋಡಿ. ನಂಜುಂಡವನು ಅವನೇ, ಅದು ಗಂಟಲಿನಿಂದ ಕೆಳಗಿಳಿಯದಂತೆ ಹಿಡಿದದ್ದು ಪಾರ್ವತಿಯ ಕೈ. ಹೆಸರಿನಲ್ಲಿ ಕುಡಿದವನೊಬ್ಬನೇ ಉಳಿದುಕೊಂಡ.

ಬಾಗಿಲ ಬರಹಕ್ಕೆ ಮರಳಿದರೆ, ಸೀಮೆಸುಣ್ಣದ ಅಕ್ಷರ ಮಳೆಗೆ ನಿಲ್ಲುವುದಿಲ್ಲ. ಅಳಿಸಿಹೋದಾಗಲೆಲ್ಲ ತಿದ್ದಿ ಬರೆಯಬೇಕು, ಬರೆಯುವುದು ಬಾಗಿಲ ಹೊರಮೈ ಮೇಲೆ. ಅಗುಳಿ ತೆಗೆದು, ಹೊಸ್ತಿಲು ದಾಟಿ, ದೆವ್ವ ಬಂದು ನಿಲ್ಲುವ ಜಾಗದಲ್ಲೇ ನಿಂತು, ಬೀದಿಗೆ ಬೆನ್ನು ಮಾಡಿ, ಮನೆಯವರು ಅದನ್ನು ಬರೆಯುತ್ತಿದ್ದರು.