ದಿವಾನರ ಪಥ್ಯ

ಮೈಸೂರಿನಲ್ಲಿ ಐವತ್ತು ದಾಟಿದವರು ಬೆಳಗಿನ ಹೊತ್ತು ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ಎದುರುಬದುರಾದಾಗ ಮಳೆ ಬೆಳೆ ವಿಚಾರಿಸುವ ಪದ್ಧತಿ ಎಂದೋ ನಿಂತುಹೋಗಿದೆ. ‘ಫಾಸ್ಟಿಂಗ್ ಎಷ್ಟು ಸಾರ್?’ ಎಂಬುದೇ ಈಗಿನ ನಮಸ್ಕಾರ. ನೂರಾ ಹತ್ತು ಎಂದವನನ್ನು ಅಸೂಯೆಯಿಂದಲೂ ನೂರಾ ಎಂಬತ್ತು ಎಂದವನನ್ನು ಬಂಧುಪ್ರೀತಿಯಿಂದಲೂ ನೋಡುವ ಈ ಮಂಡಳಿಯಲ್ಲಿ ನಾನು ಇಷ್ಟು ವರ್ಷ ಹೇಳಿಕೊಳ್ಳುವುದಕ್ಕೆ ಏನೂ ಇಲ್ಲದ ನಿರ್ಭಾಗ್ಯನಾಗಿದ್ದೆ. ನನ್ನ ಸಕ್ಕರೆ ಇನ್ನೂ ಗಡಿಯ ಈಚೆಗೇ ನಿಂತು ಆಚೆ ಇಣುಕುತ್ತಿದೆ. ಮೊನ್ನೆ ಸರದಿ ಬಂದಾಗ ಎದೆಯುಬ್ಬಿಸಿ ‘ನಾನೂರ ಹತ್ತು’ ಎಂದುಬಿಟ್ಟೆ. ಮಂಡಳಿ ಸ್ತಬ್ಧವಾಯಿತು. ಒಬ್ಬರು ರಟ್ಟೆ ಹಿಡಿದು ನನ್ನನ್ನು ಕಲ್ಲುಬೆಂಚಿನ ಮೇಲೆ ಕೂರಿಸಿದರು, ಇನ್ನೊಬ್ಬರು ಆಟೋ ಕೂಗುವುದಕ್ಕೆ ಹೊರಟರು. ‘ನಂದಲ್ಲ, ನಮ್ಮನೆ ಬೆಕ್ಕಿಂದು’ ಎಂದಮೇಲೆ ಅವರ ಮುಖದಲ್ಲಿ ಮೂಡಿದ ನಿರಾಶೆಯನ್ನು ನೀವು ನೋಡಬೇಕಿತ್ತು.

ಬೆಕ್ಕಿನ ಹೆಸರು ದಿವಾನ್. ಮನೆಯಲ್ಲಿ ಯಾರೂ ಏಕವಚನದಲ್ಲಿ ಕರೆಯುವುದಿಲ್ಲ, ಬಾಯಿಗೆ ಬರುವುದೂ ಇಲ್ಲ. ಕೆಂಚು ಮೈ, ದುಂಡು ಮುಖ, ಹಣೆಯ ಮೇಲೆ ಮೈಸೂರು ಪೇಟದ ಜರಿಯಂತೆ ನಾಲ್ಕು ಪಟ್ಟೆ, ಕಂಡವರನ್ನೆಲ್ಲ ಅಹವಾಲು ಹಿಡಿದು ಬಂದ ರೈತರೆಂಬಂತೆ ನೋಡುವ ಅರೆಗಣ್ಣು. ವಯಸ್ಸು ಹನ್ನೊಂದು. ಚಿಕ್ಕಂದಿನಲ್ಲೇ ಪಶುವೈದ್ಯರು ಅವರಿಗೆ ಬಲವಂತದ ಬ್ರಹ್ಮಚರ್ಯ ದೀಕ್ಷೆ ಕೊಡಿಸಿದ್ದರಿಂದ ಪರಸ್ತ್ರೀ ಚಿಂತೆಯಿಲ್ಲ. ಇಲಿಯ ಚಿಂತೆಯನ್ನು ಅವರಾಗಿಯೇ ಬಿಟ್ಟರು. ಹೀಗೆ ಕಾಮಕ್ರೋಧಗಳನ್ನು ಗೆದ್ದವರಿಗೆ ಉಳಿಯುವುದು ನಿದ್ರೆ ಮತ್ತು ಮೊಸರನ್ನ. ವೈದ್ಯರು ಪುಸ್ತಕ ತೆಗೆದು ಹೇಳುತ್ತಾರೆ, ಬೆಕ್ಕುಗಳಲ್ಲಿ ಸಕ್ಕರೆ ಕಾಯಿಲೆ ಹಿಡಿಯುವುದು ಹೆಚ್ಚಾಗಿ ಬೀಜ ಒಡೆಸಿದ ಗಂಡಿಗೆ, ನಡುವಯಸ್ಸು ದಾಟಿದ್ದಕ್ಕೆ, ಬೊಜ್ಜು ಬಂದದ್ದಕ್ಕೆ, ಮನೆ ಬಿಟ್ಟು ಕದಲದ್ದಕ್ಕೆ ಎಂದು. ಆ ಪಟ್ಟಿಯನ್ನು ಓದುವಾಗ ಅವರು ನಡುನಡುವೆ ನನ್ನ ಹೊಟ್ಟೆಯ ಕಡೆ ಯಾಕೆ ನೋಡಿದರೋ ತಿಳಿಯದು.

ಮೊದಲು ಕಂಡದ್ದು ನೀರು. ಬೆಕ್ಕು ನೀರು ಕುಡಿಯುವುದನ್ನು ನೋಡುವುದೇ ಅಪರೂಪ, ಅದು ಮರುಭೂಮಿಯ ಕುಲ. ಅಂಥದ್ದರಲ್ಲಿ ದಿವಾನರು ತಮ್ಮ ಬಟ್ಟಲು ಮುಗಿಸಿ, ಬಚ್ಚಲಿನ ಬಕೆಟ್ಟಿಗೆ ಕತ್ತು ಹಾಕಿ, ತುಳಸಿಕಟ್ಟೆಯ ಬುಡದಲ್ಲಿ ನಿಂತ ನೀರನ್ನೂ ತೀರ್ಥವೆಂದು ನೆಕ್ಕತೊಡಗಿದರು. ಕುಡಿದಷ್ಟೂ ಹೊರಗೆ. ಮರಳಿನ ತಟ್ಟೆಯಲ್ಲಿ ಹೆಂಟೆಗಳು ಲಿಂಬೆ ಗಾತ್ರದಿಂದ ಮೂಸಂಬಿ ಗಾತ್ರಕ್ಕೆ ಬಂದವು. ಬಕಾಸುರನ ಹಸಿವು, ಆದರೆ ಬೆನ್ನ ಮೂಳೆ ಕೈಗೆ ಸಿಗುತ್ತಿದೆ. ಕೊನೆಗೆ ನಡಿಗೆಯೇ ಬದಲಾಯಿತು: ಬೆರಳ ತುದಿಯಲ್ಲಿ ನಡೆಯಬೇಕಾದ ಪ್ರಾಣಿ ಹಿಂಗಾಲಿನ ಹಿಮ್ಮಡಿಯನ್ನು ನೆಲಕ್ಕೂರಿ, ಹವಾಯಿ ಚಪ್ಪಲಿ ಹಾಕಿಕೊಂಡವರ ಹಾಗೆ ನಡೆಯತೊಡಗಿತು. ಸಕ್ಕರೆ ಏರಿ ನರ ಸೋತರೆ ಬೆಕ್ಕು ಹಾಗೆ ನಡೆಯುತ್ತದಂತೆ. ನನ್ನವಳು ತರಕಾರಿ ಬುಟ್ಟಿಗೆ ಹಳೇ ಪಂಚೆ ಹಾಸಿ ‘ರೀ, ಎದ್ದೇಳಿ’ ಎಂದಳು.

ಆಸ್ಪತ್ರೆಯಲ್ಲಿ ನಾನೂರ ಹತ್ತು ಬಂತು. ಆದರೆ ಬೆಕ್ಕಿನ ವಿಷಯದಲ್ಲಿ ಒಂದು ಸೂಕ್ಷ್ಮವಿದೆ: ಅದಕ್ಕೆ ಹೆದರಿಕೆಯಾದರೂ ಸಾಕು, ರೋಗವಿಲ್ಲದಿದ್ದರೂ ಸಕ್ಕರೆ ಏರಿಬಿಡುತ್ತದೆ. ಆಟೋ ಸದ್ದು, ಪಕ್ಕದ ಬೆಂಚಿನ ಆಲ್ಸೇಷನ್ನಿನ ಉಸಿರು, ಅಪರಿಚಿತರ ಕೈ, ಇಷ್ಟಾದಮೇಲೆ ಯಾರ ರಕ್ತ ತಾನೇ ನಿಜ ಹೇಳೀತು? ಅದಕ್ಕೇ ಫ್ರಕ್ಟೋಸಮೀನ್ ಎಂಬ ಇನ್ನೊಂದು ಪರೀಕ್ಷೆ. ಹಿಂದಿನ ಎರಡು ಮೂರು ವಾರದ ಸರಾಸರಿ ಲೆಕ್ಕವನ್ನು ಅದು ಒಪ್ಪಿಸುತ್ತದೆ, ಆ ದಿನದ ಗಾಬರಿಗೆ ಕಿವಿಗೊಡುವುದಿಲ್ಲ. ಅದೂ ಹೆಚ್ಚೇ ಬಂತು. ದಿವಾನರು ಅಧಿಕೃತವಾಗಿ ಮಧುಮೇಹಿಗಳಾದರು.

ಇಲ್ಲಿಯ ಅನ್ಯಾಯವನ್ನು ಗಮನಿಸಿ. ಅರಮನೆಯ ಬಾಣಸಿಗ ಕಾಕಾಸುರ ಮಾದಪ್ಪನವರು ನಾಲ್ವಡಿ ಕೃಷ್ಣರಾಜ ಒಡೆಯರಿಗೆಂದು ಪಾಕ ಹಿಡಿದರು ಎಂದು ಊರಿಗೂರೇ ಹೇಳುವ, ಅವರ ವಂಶದವರು ಇಂದಿಗೂ ಸಯ್ಯಾಜಿರಾವ್ ರಸ್ತೆಯಲ್ಲಿ ಮಾರುವ ಮೈಸೂರು ಪಾಕಿನ ಪಟ್ಟಣದಲ್ಲಿ ಒಬ್ಬ ಮನುಷ್ಯನಿಗೆ ಸಕ್ಕರೆ ಬಂದರೆ ಅದಕ್ಕೊಂದು ಕಾರ್ಯಕಾರಣ ಸಂಬಂಧವಿದೆ, ತಿಂದ ಸುಖವಾದರೂ ಇದೆ. ಬೆಕ್ಕಿಗೆ ಸಿಹಿಯ ರುಚಿಯೇ ಗೊತ್ತಿಲ್ಲ! ನಾಲಗೆಯಲ್ಲಿ ಸಿಹಿ ಹಿಡಿಯುವ ಬೀಗಕ್ಕೆ ಎರಡು ಭಾಗ, ಅದರಲ್ಲೊಂದನ್ನು ತಯಾರಿಸುವ ಜೀನು ಮಾರ್ಜಾಲ ಕುಲದಲ್ಲಿ ಕೆಟ್ಟು ಕೂತಿದೆ ಎಂದು 2005ರಲ್ಲಿ ಫಿಲಡೆಲ್ಫಿಯದ ಮೊನೆಲ್ ಸಂಸ್ಥೆಯ ವಿಜ್ಞಾನಿಗಳು ಕಂಡುಹಿಡಿದರು. ಬೆಕ್ಕಿನ ಜೊತೆಗೆ ಹುಲಿ ಚೀತಾಗಳದ್ದನ್ನೂ ನೋಡಿದರು, ಅವಕ್ಕೂ ಅದೇ ಗತಿ. ಅಂದರೆ ನಮ್ಮ ಚಾಮರಾಜೇಂದ್ರ ಮೃಗಾಲಯದ ಹುಲಿಯ ಮುಂದೆ ತುಪ್ಪ ಸುರಿಯುವ ಮೈಸೂರು ಪಾಕು ಇಟ್ಟರೆ ಅದು ತುಪ್ಪವನ್ನಷ್ಟೇ ಮೂಸೀತು. ಭೋಗವಿಲ್ಲದೆ ರೋಗ, ಇದು ಯಾವ ಕರ್ಮಸಿದ್ಧಾಂತಕ್ಕೂ ಒಗ್ಗದ ಮಾತು.

ಭೋಗ ಮತ್ತು ರೋಗ ಸರಿಸಮವಾಗಿ ತೂಗಿದ್ದನ್ನು ನಾನು ಕಂಡದ್ದು ಒಂಟಿಕೊಪ್ಪಲಿನ ನಮ್ಮ ತಾತನಲ್ಲಿ. ಆಗ ಬೆರಳು ಚುಚ್ಚಿ ನೋಡುವ ಯಂತ್ರ ಎಲ್ಲಿತ್ತು? ಬಚ್ಚಲ ಮನೆಯ ಗೂಡಿನಲ್ಲಿ ಒಂದು ಸ್ಪಿರಿಟ್ ದೀಪ, ಮರದ ಚಿಮಟ, ನೀಲಿ ಬಣ್ಣದ ಬೆನೆಡಿಕ್ಟ್ ದ್ರಾವಣದ ಸೀಸೆ. ತಾತ ಸಂಧ್ಯಾವಂದನೆಗೆ ಮುಂಚೆ ಗಾಜಿನ ನಳಿಗೆಗೆ ಆ ನೀಲಿ ಹುಯ್ದು, ಸ್ವಂತ ಉತ್ಪನ್ನದ ಎಂಟು ತೊಟ್ಟು ಬಿಟ್ಟು, ದೀಪದ ಮೇಲೆ ಓರೆಯಾಗಿ ಹಿಡಿದು ಕುದಿಸುವರು. ನಾವು ಮೊಮ್ಮಕ್ಕಳು ಬಾಗಿಲ ಸಂದಿಯಲ್ಲಿ ಗೋಲಿ ಪಣಕ್ಕಿಟ್ಟು ಕಾಯುವೆವು. ನೀಲಿಯಾಗೇ ಉಳಿದರೆ ಸಕ್ಕರೆ ಇಲ್ಲ, ಹಸಿರಾದರೆ ಚೂರು, ಹಳದಿ, ಕಿತ್ತಳೆ ಎಂದು ಹತ್ತಿ ಇಟ್ಟಿಗೆ ಕೆಂಪಿಗೆ ಬಂತೆಂದರೆ ಹಿಂದಿನ ದಿನ ತಾತ ಯಾರ ಮನೆಯ ಆರತಕ್ಷತೆಗೆ ಹೋಗಿದ್ದರು ಎಂದು ಅಜ್ಜಿ ಅಡುಗೆಮನೆಯಿಂದಲೇ ಕೂಗಿ ಹೇಳುವಳು. ಏಕಾದಶಿಯ ಮರುದಿನ ನೀಲಿ, ಲಗ್ನದ ತಿಂಗಳಲ್ಲಿ ಇಟ್ಟಿಗೆ. ‘ಬಡಿಸಿದ ಮೈಸೂರು ಪಾಕು ಬಿಟ್ಟೇಳೋದು ಮಹಾರಾಜರಿಗೆ ಮಾಡೋ ಅವಮಾನ ಕಣೇ’ ಎಂಬುದು ತಾತನ ನಿಲುವು. ಮೂತ್ರಕ್ಕೆ ಇರುವೆ ಮುತ್ತುವುದನ್ನು ನಮ್ಮ ಹಳೆಯ ವೈದ್ಯರು ನೂರಾರು ವರ್ಷಗಳ ಹಿಂದೆಯೇ ಗಮನಿಸಿ ಮಧುಮೇಹ ಎಂದಿದ್ದರು. ತಾತನಿಗೆ ಇದನ್ನು ಹೇಳುವುದರಲ್ಲಿ ಬಲು ಹೆಮ್ಮೆ, ಇರುವೆಗಳ ಹಿತದೃಷ್ಟಿಯಿಂದಲೇ ತಾವು ಸಿಹಿ ತಿನ್ನುತ್ತಿರುವ ಹಾಗೆ.

ತಾತನ ಆಸ್ತಿಯಲ್ಲಿ ಈ ಒಂದು ಪಾಲು ಅಮ್ಮನಿಗೂ ಬಂದಿದೆ. ಅಮ್ಮ ಹುಟ್ಟಿದ್ದು ಮಂಡಿ ಮೊಹಲ್ಲಾದ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ, ಊರಿನ ಬಾಯಲ್ಲಿ ಮಿಷನ್ ಆಸ್ಪತ್ರೆ. ಅಲ್ಲಿಯವರು 1934ರಿಂದಲೂ ಹುಟ್ಟಿದ ಕೂಸುಗಳ ತೂಕ, ಉದ್ದ, ತಲೆಯ ಸುತ್ತಳತೆಗಳನ್ನು ದಾಖಲೆ ಪುಸ್ತಕಗಳಲ್ಲಿ ಬರೆದಿಟ್ಟಿದ್ದರು. 1990ರ ದಶಕದಲ್ಲಿ ಸಂಶೋಧಕರು ಆ ಪುಸ್ತಕಗಳನ್ನು ಹಿಡಿದು, ಅಷ್ಟರಲ್ಲಿ ನರೆಗೂದಲಿನ ಗೃಹಸ್ಥರಾಗಿದ್ದ ಆ ಕೂಸುಗಳನ್ನು ಮೈಸೂರಿನ ಬೀದಿಬೀದಿಯಲ್ಲಿ ಹುಡುಕಿ ರಕ್ತ ಪರೀಕ್ಷಿಸಿದರು. ಹುಟ್ಟುವಾಗ ಗಿಡ್ಡಗೆ ಗುಂಡಗೆ ಇದ್ದವರಲ್ಲೇ ಸಕ್ಕರೆ ಕಾಯಿಲೆ ಹೆಚ್ಚು ಕಂಡಿತಂತೆ. ದಿವಾನರು ಹುಟ್ಟಿದ್ದು ನಮ್ಮ ಹಿತ್ತಲಿನ ತೆಂಗಿನ ಮಟ್ಟೆಯ ರಾಶಿಯಲ್ಲಿ, ತೂಕ ಬರೆದವರಿಲ್ಲ. ಗುಂಡಗಿದ್ದದ್ದಂತೂ ಹೌದು.

ಈಗ ಫ್ರಿಜ್ಜಿನ ಬಾಗಿಲಲ್ಲಿ, ಹೆಪ್ಪಿನ ಬಟ್ಟಲ ಪಕ್ಕ, ಅಮ್ಮನ ಇನ್ಸುಲಿನ್ನು ದಿವಾನರ ಇನ್ಸುಲಿನ್ನು ಅಕ್ಕಪಕ್ಕ ಕೂತಿವೆ. ಎರಡಕ್ಕೂ ಬೇರೆ ಬೇರೆ ಸಿರಿಂಜು. ನಮ್ಮಲ್ಲಿ ಒಂದು ಮಿಲಿಲೀಟರಿಗೆ ನಲವತ್ತು ಯೂನಿಟ್ಟಿನ ಔಷಧಿಗೆ ಕೆಂಪು ಟೊಪ್ಪಿಗೆಯದು, ನೂರು ಯೂನಿಟ್ಟಿನದಕ್ಕೆ ಕಿತ್ತಳೆ ಟೊಪ್ಪಿಗೆಯದು; ಅದಲುಬದಲಾದರೆ ಲೆಕ್ಕ ಎರಡೂವರೆ ಪಟ್ಟು ತಪ್ಪುತ್ತದೆ. ದಿವಾನರಿಗೆ ಹೊತ್ತಿಗೆ ಒಂದೇ ಯೂನಿಟ್ಟು, ಒಂದು ಮಿಲಿಲೀಟರಿನ ನೂರರಲ್ಲೊಂದು ಪಾಲು. ಕನ್ನಡಕ ಹಾಕಿಕೊಂಡು ಬೆಳಕಿಗೆ ಹಿಡಿದರೂ ಅದು ಇದೆಯೋ ಇಲ್ಲವೋ ಎಂಬ ಅದ್ವೈತದ ಸಂಶಯ ಬರುವಷ್ಟು. ನನ್ನವಳು ಅವರು ಉಣ್ಣುತ್ತಿರುವಾಗ ಹೆಗಲ ಬಳಿಯ ಸಡಿಲ ಚರ್ಮವನ್ನು ಎರಡು ಬೆರಳಲ್ಲಿ ಎತ್ತಿ, ಆ ಮಡಿಕೆಯ ಬುಡಕ್ಕೆ ಸೂಜಿ ಇಟ್ಟು, ತೆಗೆದು, ಸವರಿಬಿಡುತ್ತಾಳೆ. ಅವರು ತಟ್ಟೆಯಿಂದ ತಲೆ ಎತ್ತುವುದಿಲ್ಲ. ತಟ್ಟೆ ಹಿಡಿದುಕೊಂಡು ಕಣ್ಣು ಮುಚ್ಚಿಕೊಳ್ಳುವುದು ನನ್ನ ಕರ್ತವ್ಯ. ಕಿವಿಯಂಚಿನ ನರಕ್ಕೆ ಬಿಸಿ ಬಟ್ಟೆ ಒತ್ತಿ ತೊಟ್ಟು ರಕ್ತ ತೆಗೆಯುವ ದಿನ ನನ್ನನ್ನು ಹಾಲು ತರುವ ನೆಪ ಹೇಳಿ ಹೊರಗೆ ಕಳಿಸುತ್ತಾರೆ.

ಮೆಡಿಕಲ್ ಶಾಪಿನ ಪ್ರಸಂಗ ಹೇಳಲೇಬೇಕು. ಚೀಟಿಯಲ್ಲಿ ‘ದಿವಾನ್, ಗಂಡು, 11’ ಎಂದಿತ್ತು. ಅಂಗಡಿಯವರು ಅದನ್ನು ಓದಿ ಕನ್ನಡಕದ ಮೇಲಿಂದ ನನ್ನನ್ನು ನೋಡಿ ‘ಮೊಮ್ಮಗನಾ ಸಾರ್?’ ಎಂದರು. ಹಿಂದೆ ಆರು ಜನ ನಿಂತಿದ್ದರು. ಆ ಕರುಣಾರಸದ ನಡುವೆ ಬೆಕ್ಕು ಎನ್ನುವ ಶಬ್ದ ನನ್ನ ಗಂಟಲಿಂದ ಹೊರಡಲಿಲ್ಲ, ‘ಮನೇಲೇ ಬೆಳೆದದ್ದು’ ಎಂದೆ. ‘ಇಷ್ಟು ಚಿಕ್ಕ ವಯಸ್ಸಿಗೆ ಪಾಪ. ಆಟಪಾಟ ಎಲ್ಲ ಇದೆಯಾ?’ ‘ಹಲ್ಲಿ ಕಂಡ್ರೆ ಓಡ್ತಾನೆ’ ಎಂದೆ. ‘ಇಸ್ಕೂಲಲ್ಲಿ ಹೇಳಿಟ್ಟಿರಿ ಸಾರ್, ಸುಸ್ತಾದರೆ ತಕ್ಷಣ ಸಿಹಿ ಕೊಡಲಿ’ ಎಂದು ಬಿಲ್ಲಿನಲ್ಲಿ ಒಂದಿಷ್ಟು ಮುರಿದರು. ಮಾತು ನಿಜವೇ. ಸಕ್ಕರೆ ತೀರಾ ಇಳಿದು ಬೆಕ್ಕು ತೂರಾಡಿದರೆ ವಸಡಿಗೆ ಜೇನುತುಪ್ಪ ಸವರಿ ವೈದ್ಯರ ಬಳಿ ಓಡಬೇಕು. ಸಿಹಿ ತಿಳಿಯದವರಿಗಾಗಿ ಮನೆಯಲ್ಲೀಗ ಕೊಡಗಿನ ಜೇನು ಕಾದಿದೆ. ಅದರ ಮುಚ್ಚಳ ಸಡಿಲವಾಗಿರುವುದಕ್ಕೂ ಅಮ್ಮನಿಗೂ ಸಂಬಂಧವಿದೆ ಎಂದು ನನ್ನ ಗುಮಾನಿ.

ಸೂಜಿಗಿಂತ ಕಷ್ಟವಾದದ್ದು ಊಟ. ಬೆಕ್ಕು ಹುಟ್ಟಾ ಮಾಂಸಾಹಾರಿ. ಅನ್ನ, ಹಾಲು, ಬಿಸ್ಕತ್ತು ಅದರ ಮೈಗೆ ಹೇಳಿ ಮಾಡಿಸಿದ್ದಲ್ಲ. ಪಿಷ್ಟ ಕಡಿಮೆ, ಪ್ರೋಟೀನು ಹೆಚ್ಚು ಎಂಬುದೇ ಅದರ ಪಥ್ಯ. ಲೋಕದಲ್ಲಿ ಕಾಯಿಲೆ ಬಂದವರೆಲ್ಲ ಮಾಂಸ ಬಿಟ್ಟು ಗಂಜಿಗೆ ಇಳಿದರೆ ನಮ್ಮ ದಿವಾನರು ಮೊಸರನ್ನ ಬಿಟ್ಟು ಮೀನಿಗೆ ಏರಬೇಕಾಯಿತು, ಅದೂ ಈರುಳ್ಳಿಯನ್ನೇ ಏಕಾದಶಿ ನೋಡಿ ಹೆಚ್ಚುವ ಮನೆಯಲ್ಲಿ. ಮೀನಿನ ಡಬ್ಬಿಯನ್ನು ಹಿತ್ತಲಿನ ಒಗೆಯೋ ಕಲ್ಲಿನ ಮೇಲೆ ಬಿಚ್ಚುವುದು, ಅದಕ್ಕೊಂದು ಬೇರೆ ಚಮಚ, ಆ ಚಮಚಕ್ಕೆ ಕಿಟಕಿಯ ಹೊರಗೆ ಬೇರೆ ಮೊಳೆ ಎಂದು ಸಂವಿಧಾನ ರಚನೆಯಾಯಿತು. ಅಮ್ಮ ಮೊದಲ ದಿನ ಸೆರಗನ್ನು ಮೂಗಿಗೆ ಒತ್ತಿಕೊಂಡೇ ಬಾಗಿಲಲ್ಲಿ ನಿಂತು ನೋಡಿದರು. ‘ಅದರ ಧರ್ಮ ಅದಕ್ಕೆ. ಇಷ್ಟು ವರ್ಷ ನಾವೇ ಅದನ್ನ ಮಡಿಯಲ್ಲಿ ಕೂರಿಸಿದ್ವಿ’ ಎಂದರು. ಈಗ ಡಬ್ಬಿ ಮುಗಿಯುತ್ತ ಬಂದರೆ ನೆನಪಿಸುವವರೂ ಅವರೇ.

ಹಿತವಚನಗಳಿಗೆ ಬರವಿಲ್ಲ. ಎದುರುಮನೆಯವರು ಕಾಂಪೌಂಡಿನಲ್ಲಿ ಬೆಳೆದ ಇನ್ಸುಲಿನ್ ಗಿಡದ ಎಲೆ ತಂದುಕೊಟ್ಟರು. ಮೆಂತ್ಯ ನೆನೆಸಿಡಿ, ನೇರಳೆ ಬೀಜದ ಪುಡಿ, ಹಾಗಲಕಾಯಿ ರಸ ಎಂದು ಕೆರೆ ಏರಿಯ ಮಂಡಳಿ. ಹಾಗಲಕಾಯಿ ರಸವನ್ನು ಬೆಕ್ಕಿಗೆ ಕುಡಿಸುವ ಶೂರರು ಯಾರಾದರೂ ಇದ್ದರೆ ಗಂಟೆಯನ್ನೂ ಅವರೇ ಕಟ್ಟಬಹುದು. ಅಮೆರಿಕದಲ್ಲಿ 2022ರ ಡಿಸೆಂಬರಿನಲ್ಲಿ ಬೆಕ್ಕುಗಳಿಗೆಂದೇ ಒಂದು ಸಕ್ಕರೆ ಮಾತ್ರೆಗೆ ಒಪ್ಪಿಗೆ ಸಿಕ್ಕಿತು, ಆದರೆ ಇನ್ಸುಲಿನ್ ಮುಟ್ಟದ ಬೆಕ್ಕಿಗೆ ಮಾತ್ರ. ಒಳ್ಳೆಯದೇ ಆಯಿತು. ಬೆಕ್ಕಿಗೆ ಮಾತ್ರೆ ನುಂಗಿಸಿದವರ ಮುಂಗೈ ನೋಡಿದ್ದೇನೆ.

ಇನ್ನು ಇತಿಹಾಸದ ಒಂದು ತಮಾಷೆ. ಮೇದೋಜೀರಕಾಂಗ ತೆಗೆದರೆ ಸಕ್ಕರೆ ಕಾಯಿಲೆ ಬರುತ್ತದೆಂದು 1889ರಲ್ಲಿ ಮೆರಿಂಗ್ ಮತ್ತು ಮಿಂಕೋವ್‌ಸ್ಕಿ ತೋರಿಸಿದ್ದು ನಾಯಿಯ ಮೇಲೆ. 1921ರಲ್ಲಿ ಟೊರಾಂಟೋದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಇನ್ಸುಲಿನ್ ಹಿಂಡಿದ್ದೂ, ಅದು ಕೆಲಸ ಮಾಡುತ್ತದೆಂದು ಕಂಡದ್ದೂ ನಾಯಿಗಳಲ್ಲೇ. ಮರುವರ್ಷದ ಜನವರಿಯಲ್ಲಿ ಹದಿನಾಲ್ಕರ ಹುಡುಗನೊಬ್ಬನಿಗೆ ಅದನ್ನು ಚುಚ್ಚಿ ಉಳಿಸಿಕೊಂಡರು. ಅಂದಮೇಲೆ ದಿವಾನರ ಮೈಯಲ್ಲಿ ಹರಿಯುವುದು ಶ್ವಾನಕುಲದ ಋಣ. ಇದನ್ನು ಅವರಿಗೆ ವಿವರಿಸಿದ ಸಂಜೆಯೇ ಕಾಂಪೌಂಡ್ ಗೋಡೆಯ ಮೇಲೆ ಕೂತು ಬೀದಿಯ ಕರಿಯನ ಮೂತಿಗೆ ಪರಚಿದರು. ಕೃತಜ್ಞತೆ ಅವರ ಖಾತೆಯಲ್ಲ.

ಸೂಜಿ ಹೊತ್ತು ಬೆಳಿಗ್ಗೆ ಏಳು, ಸಂಜೆ ಏಳು. ಹೀಗಾಗಿ ಆರತಕ್ಷತೆಗಳಲ್ಲಿ ಮೊದಲ ಪಂಕ್ತಿಗೂ ಮುಂಚೆ ಎದ್ದು ಬರುತ್ತೇವೆ. ದಸರೆಯಲ್ಲಿ ಬನ್ನಿಮಂಟಪದ ಪಂಜಿನ ಕವಾಯತಿಗೆ ಈ ವರ್ಷ ಪಾಸು ಸಿಕ್ಕರೂ ಹೋಗುವಂತಿಲ್ಲ. ‘ಮನೇಲಿ ಪೇಷೆಂಟ್ ಇದ್ದಾರೆ’ ಎಂದರೆ ಯಾರೂ ಎದುರಾಡುವುದಿಲ್ಲ. ಇದರ ಸೌಕರ್ಯ ಮನವರಿಕೆಯಾದ ಮೇಲೆ, ಬೇಗ ಹಿಡಿದು ಸರಿಯಾಗಿ ಪಥ್ಯ ಮಾಡಿಸಿದರೆ ಕೆಲವು ಬೆಕ್ಕುಗಳು ಇನ್ಸುಲಿನ್ನಿನಿಂದ ಪೂರ್ತಿ ಬಿಡುಗಡೆಯಾಗುತ್ತವೆ ಎಂದು ವೈದ್ಯರು ಹೇಳಿದಾಗ ನನಗೆ ಸಂತೋಷದ ಜೊತೆಗೆ ಸಣ್ಣ ಕಳವಳವೂ ಆಯಿತು. ದಿವಾನರ ಹಿಮ್ಮಡಿ ಈಗ ನೆಲ ಬಿಟ್ಟು ಎದ್ದಿದೆ, ತುಳಸಿಕಟ್ಟೆಯ ತೀರ್ಥ ನಿಂತಿದೆ, ನಡಿಗೆಯಲ್ಲಿ ಹಳೆಯ ದರ್ಪ ಮರಳುತ್ತಿದೆ. ದರ್ಪದ ಜೊತೆಗೆ ಒಂದು ದುರಭ್ಯಾಸವೂ: ಮಧ್ಯಾಹ್ನ ನಾವು ಕಣ್ಣು ಮುಚ್ಚಿದ ಹೊತ್ತಿಗೆ ಅಕ್ಕಪಕ್ಕದ ಹಿತ್ತಲುಗಳಿಗೆ ಹೋಗಿ, ಒಂದು ವಾರದಿಂದ ಏನೂ ತಿಂದಿಲ್ಲವೆಂಬ ಮುಖ ಮಾಡಿ ನಿಲ್ಲುತ್ತಾರಂತೆ. ಆದ್ದರಿಂದ ಕುವೆಂಪುನಗರದ ಕಡೆಯ ಓದುಗರಲ್ಲಿ ನನ್ನದೊಂದು ಕೋರಿಕೆ. ಹಣೆಯ ಮೇಲೆ ನಾಲ್ಕು ಪಟ್ಟೆಯಿರುವ ಕೆಂಚು ಬೆಕ್ಕೊಂದು ನಿಮ್ಮ ಅಡುಗೆಮನೆಯ ಬಾಗಿಲಿಗೆ ಬಂದರೆ ದಯವಿಟ್ಟು ಮೊಸರನ್ನ ಹಾಕಬೇಡಿ. ಎಷ್ಟೇ ದೈನ್ಯವಾಗಿ ನೋಡಿದರೂ ಹಾಕಬೇಡಿ. ಅವರ ಊಟವಾಗಿರುತ್ತದೆ.