ಫೋರ್ಸ್ ಇಂಡಿಯಾದ ಅತಿ ದೊಡ್ಡ ಚಾಲಕ ಯಾರು?

ಆರ್‌ಸಿಬಿಯ ಅತಿ ದೊಡ್ಡ ಆಟಗಾರ ಯಾರು ಅಂತ ಯಾವ ಊರಿನ ಕಟ್ಟೆ ಮೇಲೆ ಕೇಳಿದರೂ ಜಗಳ ಗ್ಯಾರಂಟಿ. ಕೊಹ್ಲಿ ಅನ್ನುವವರಿದ್ದಾರೆ, ಎಬಿಡಿ ಅನ್ನುವವರಿದ್ದಾರೆ, ಗೇಲ್ ಹೊಡೆದ 175 ರನ್ ಮರೆತಿರಾ ಅಂತ ಎದ್ದು ನಿಲ್ಲುವವರೂ ಇದ್ದಾರೆ. ಆರ್‌ಸಿಬಿ ಶುರುವಾದ 2008ರಲ್ಲೇ ಅದೇ ಮಾಲೀಕ ವಿಜಯ್ ಮಲ್ಯ ಅವರ ಇನ್ನೊಂದು ತಂಡವೂ ಕಣಕ್ಕಿಳಿದಿತ್ತು. ಅದು ಫಾರ್ಮುಲಾ ಒನ್ ಕಾರ್ ರೇಸಿನ ತಂಡ, ಹೆಸರು ಫೋರ್ಸ್ ಇಂಡಿಯಾ. ಅದರ ಬಗ್ಗೆ ನಮ್ಮ ಕಡೆ ಯಾರೂ ಜಗಳ ಆಡುವುದಿಲ್ಲ. ನಾವು ಆಡುತ್ತೇವೆ.

ನಾವು ಅಂದರೆ ಹಾವೇರಿ ಜಿಲ್ಲೆಯ ಬೇರೆ ಬೇರೆ ತಾಲ್ಲೂಕುಗಳಿಂದ ಪತ್ರಿಕೆಗಳಿಗೆ ಸುದ್ದಿ ಕಳಿಸುವ ನಾಲ್ವರು. ಒಟ್ಟಿಗೇ ಡಿಪ್ಲೊಮಾ ಓದಿದವರು. ಹಾಸ್ಟೆಲ್ ಟಿವಿಯಲ್ಲಿ ಭಾನುವಾರ ಸಂಜೆ ಈ ರೇಸ್ ನೋಡುವ ಚಟ ಹತ್ತಿತು, ಇನ್ನೂ ಬಿಟ್ಟಿಲ್ಲ. ಹೋದ ತಿಂಗಳು ವಾಟ್ಸ್ಆ್ಯಪ್‌ನಲ್ಲಿ ಶುರುವಾದ ವಾದ ಹದಿನೈದು ದಿನ ನಡೆಯಿತು. ಕೊನೆಗೆ ಅದು ಕಾರು ಬಿಟ್ಟು ಬೇರೆ ಕಡೆಗೇ ಹೊರಳಿತು. ಅದನ್ನು ನಿಮ್ಮ ಮುಂದೆ ಇಡುತ್ತಿದ್ದೇವೆ.

ರೇಸ್ ನೋಡದವರಿಗೆ ಮೊದಲು ಒಂದು ಮಾತು. ಫಾರ್ಮುಲಾ ಒನ್‌ನಲ್ಲಿ ಪ್ರತಿ ತಂಡಕ್ಕೆ ಎರಡು ಕಾರು, ಇಬ್ಬರು ಚಾಲಕರು. ಕಾರನ್ನು ಆಯಾ ತಂಡವೇ ತಯಾರು ಮಾಡಬೇಕು. ಹಣ ಇರುವ ತಂಡದ ಕಾರು ವೇಗವಾಗಿ ಓಡುತ್ತದೆ, ಹಣ ಇಲ್ಲದ ತಂಡದ್ದು ಹಿಂದೆ ಬೀಳುತ್ತದೆ. ಹಾಗಾಗಿ ಗೆಲುವು ಎಣಿಸಿ ಚಾಲಕನ ತೂಕ ಹೇಳಲಾಗದು. ನಮ್ಮ ಕಡೆಯ ಖಾಲಿ ಗಾಡಾ ಓಟದಲ್ಲೂ ಇದೇ ತಕರಾರು ತಾನೆ? ಬಹುಮಾನ ಬಂದರೆ ಹೆಚ್ಚುಗಾರಿಕೆ ಎತ್ತಿನದೋ, ಸಾಕಿದವನದೋ, ಗಾಡಿ ಹೊಡೆದವನದೋ?

ತಂಡದ ಮನೆ ಇರುವುದು ಇಂಗ್ಲೆಂಡಿನ ಸಿಲ್ವರ್‌ಸ್ಟೋನ್‌ನಲ್ಲಿ. ಎಡ್ಡಿ ಜೋರ್ಡನ್ ಎಂಬ ಐರ್ಲೆಂಡಿನವರು ಕಟ್ಟಿದ ತಂಡ ಅದು, 1991ರಲ್ಲಿ ಫಾರ್ಮುಲಾ ಒನ್‌ಗೆ ಬಂತು. ಮುಂದೆ ವಿಶ್ವ ಚಾಂಪಿಯನ್ ಆದ ಮೈಕೆಲ್ ಶುಮಾಕರ್ ಮೊದಲ ರೇಸ್ ಓಡಿಸಿದ್ದು ಈ ತಂಡಕ್ಕೇ. ಭಾರತದ ಮೊದಲ ಫಾರ್ಮುಲಾ ಒನ್ ಚಾಲಕ ನರೈನ್ ಕಾರ್ತಿಕೇಯನ್ 2005ರಲ್ಲಿ ಓಡಿಸಿದ್ದೂ ಇದೇ ತಂಡದ ಕಾರು. ಆಮೇಲೆ ಮಾರಾಟವಾಗಿ ಮಿಡ್‌ಲ್ಯಾಂಡ್, ಸ್ಪೈಕರ್ ಅಂತ ಹೆಸರು ಬದಲಾದವು. 2007ರ ಕೊನೆಗೆ ಮಲ್ಯ ಕೊಂಡು ಫೋರ್ಸ್ ಇಂಡಿಯಾ ಮಾಡಿದರು. ನಾವು ವಾದಕ್ಕೆ ಹಾಕಿಕೊಂಡ ಗಡಿ 2008ರಿಂದ 2018ರವರೆಗಿನ ಆ ಹೆಸರಿನ ಕಾಲ ಮಾತ್ರ.

ಮೊದಲ ವೋಟು ಜಿಯಾಂಕಾರ್ಲೊ ಫಿಸಿಕೆಲ್ಲಾ ಅವರಿಗೆ ಬಿತ್ತು. ಇಟಲಿಯವರು. 2008ರಲ್ಲಿ ತಂಡಕ್ಕೆ ಒಂದೇ ಒಂದು ಅಂಕ ಇಲ್ಲ. 2009ರ ಆಗಸ್ಟ್‌ವರೆಗೂ ಅದೇ ಸೊನ್ನೆ. ಆಗ ಬೆಲ್ಜಿಯಂನ ಸ್ಪಾ ಟ್ರ್ಯಾಕ್‌ನಲ್ಲಿ ಫಿಸಿಕೆಲ್ಲಾ ಹಿಂದಿನ ದಿನದ ಅರ್ಹತಾ ಸುತ್ತಿನಲ್ಲಿ ಎಲ್ಲರಿಗಿಂತ ವೇಗವಾಗಿ ಓಡಿಸಿ ಮೊದಲ ಸಾಲಿನ ಮೊದಲ ಜಾಗ ಹಿಡಿದರು. ಫೆರಾರಿ, ಮೆಕ್ಲಾರೆನ್ ಎಲ್ಲ ಹಿಂದೆ. ಮರುದಿನ ಫೆರಾರಿಯ ಕಿಮಿ ರೈಕೊನೆನ್ ಗೆದ್ದರು, ಫಿಸಿಕೆಲ್ಲಾ ಎರಡನೆಯವರು. ನಡುವಿನ ಅಂತರ ಒಂದು ಸೆಕೆಂಡಿಗಿಂತ ಕಡಿಮೆ. ತಂಡದ ಮೊಟ್ಟಮೊದಲ ಅಂಕಗಳು ಬಂದದ್ದು ಅಂದು.

"ಒಂದ್ ದಿನದ ಸಂಭ್ರಮಕ್ಕ ದೊಡ್ಡಾಂವ ಅಂದ್ರ ಹ್ಯಾಂಗ?" ಅಂತ ಎದುರಾಳಿ ಕೇಳಿದ. ಮಾತು ಸರಿಯೇ. ಆ ರೇಸ್ ಮುಗಿಯುತ್ತಿದ್ದಂತೆ ಫೆರಾರಿ ಕರೆಯಿತು, ಫಿಸಿಕೆಲ್ಲಾ ಹೋದರು. ಅಲ್ಲಿ ಉಳಿದ ಐದು ರೇಸ್‌ಗಳಲ್ಲಿ ಒಂದು ಅಂಕವೂ ಸಿಗಲಿಲ್ಲ. ಇಟಲಿಯಲ್ಲಿ ಹುಟ್ಟಿದವರಿಗೆ ಫೆರಾರಿ ಅಂದರೆ ಏನು ಅಂತ ಗೊತ್ತಿದ್ದವರು ತಪ್ಪು ಹೇಳಲಾರರು. ಆದರೂ ಹೊರಟುಹೋದವರು ಹೊರಟುಹೋದವರೇ.

ಎರಡನೆಯ ವೋಟು ಜರ್ಮನಿಯ ಆಡ್ರಿಯನ್ ಸುಟಿಲ್ ಅವರಿಗೆ. 2008ರ ಮೊನಾಕೊ ರೇಸ್ ನಾವು ಮರೆಯುವ ಹಾಗಿಲ್ಲ. ಮಳೆಯಲ್ಲಿ ಶುರುವಾದ ರೇಸು. ಕೊನೆಯ ಸಾಲುಗಳಿಂದ ಹೊರಟ ಸುಟಿಲ್ ನಾಲ್ಕನೇ ಸ್ಥಾನಕ್ಕೆ ಬಂದಿದ್ದರು. ಮುಗಿಯಲು ಕೆಲವೇ ಸುತ್ತು ಬಾಕಿ ಇರುವಾಗ ಹಿಂದಿನಿಂದ ಹತೋಟಿ ತಪ್ಪಿದ ರೈಕೊನೆನ್ ಕಾರು ಬಂದು ಗುದ್ದಿತು. ಸುಟಿಲ್ ಅತ್ತದ್ದನ್ನು ಜಗತ್ತೇ ಟಿವಿಯಲ್ಲಿ ನೋಡಿತು. ಮರುವರ್ಷ ಇಟಲಿಯ ಮೊಂಜಾದಲ್ಲಿ ಅದೇ ನಾಲ್ಕನೇ ಸ್ಥಾನ ಕೊನೆಗೂ ಸಿಕ್ಕಿತು. 2011ರ ಅಕ್ಟೋಬರ್ 30ರಂದು ಗ್ರೇಟರ್ ನೋಯ್ಡಾದಲ್ಲಿ ಭಾರತದ ಮೊದಲ ಫಾರ್ಮುಲಾ ಒನ್ ರೇಸ್ ನಡೆದಾಗ ಈ ತಂಡಕ್ಕೆ ಅಂಕ ತಂದವರೂ ಇವರೇ, ಒಂಬತ್ತನೆಯವರಾಗಿ.

ಮೂರನೆಯ ವೋಟು ನಿಕೊ ಹಲ್ಕನ್‌ಬರ್ಗ್ ಅವರಿಗೆ. ಬರೀ ಕೈಚಳಕ ನೋಡಿದರೆ ಇವರೇ ಮುಂದು ಅನ್ನುವುದು ಹಾಕಿದವನ ವಾದ. 2012ರಲ್ಲಿ ಬ್ರೆಜಿಲ್ ರೇಸಿನಲ್ಲಿ ಈ ಸಣ್ಣ ತಂಡದ ಕಾರನ್ನು ಮೊದಲ ಸ್ಥಾನದಲ್ಲಿ ಓಡಿಸಿದರು. ಹ್ಯಾಮಿಲ್ಟನ್ ಅವರನ್ನು ದಾಟಲು ಹೋಗಿ ಕಾರು ತಾಗಿತು, ದಂಡ ಬಿತ್ತು, ಐದನೆಯವರಾದರು. 2015ರಲ್ಲಿ ಫೋರ್ಸ್ ಇಂಡಿಯಾದಲ್ಲಿದ್ದುಕೊಂಡೇ ಫ್ರಾನ್ಸಿಗೆ ಹೋಗಿ ಪೋರ್ಷೆ ತಂಡದ ಪರ 24 ಗಂಟೆಗಳ ಲ ಮಾನ್ ರೇಸ್ ಗೆದ್ದು ಬಂದರು. ಆದರೆ ಫಾರ್ಮುಲಾ ಒನ್‌ನಲ್ಲಿ ಮೊದಲ ಮೂವರೊಳಗೆ ನಿಲ್ಲುವ ಭಾಗ್ಯ ಇವರಿಗೆ ಬಂದದ್ದು 2025ರಲ್ಲಿ, ಅದೂ ಬೇರೆ ತಂಡದಲ್ಲಿ.

ನಾಲ್ಕನೆಯ ವೋಟು ಮೆಕ್ಸಿಕೊದ ಸೆರ್ಜಿಯೊ ಪೆರೆಜ್ ಅವರಿಗೆ. ಮೆಕ್ಲಾರೆನ್ ಒಂದೇ ವರ್ಷಕ್ಕೆ ಬೇಡ ಅಂದ ಮೇಲೆ 2014ರಲ್ಲಿ ಇಲ್ಲಿಗೆ ಬಂದವರು. ಲೆಕ್ಕ ನೋಡಿ. ಫೋರ್ಸ್ ಇಂಡಿಯಾ ತನ್ನ ಇಡೀ ಕಾಲದಲ್ಲಿ ಮೊದಲ ಮೂರು ಸ್ಥಾನದೊಳಗೆ ಬಂದದ್ದು ಆರು ಸಲ. ಒಂದು ಫಿಸಿಕೆಲ್ಲಾ ಅವರದು. ಉಳಿದ ಐದೂ ಪೆರೆಜ್ ಅವರದು: 2014ರಲ್ಲಿ ಬಹ್ರೇನ್, 2015ರಲ್ಲಿ ರಷ್ಯಾ, 2016ರಲ್ಲಿ ಮೊನಾಕೊ ಮತ್ತು ಬಾಕು, 2018ರಲ್ಲಿ ಮತ್ತೆ ಬಾಕು.

ಅವರ ವಿದ್ಯೆ ಟೈರು ಉಳಿಸುವುದು. ಲೋಡ್ ಲಾರಿ ಓಡಿಸುವವರಿಗೆ ಇದು ಬೇಗ ಅರ್ಥವಾಗುತ್ತದೆ. ಒಂದೇ ಲಾರಿ, ಒಂದೇ ದಾರಿ, ಒಬ್ಬರ ಕೈಯಲ್ಲಿ ಟೈರು ಬೇಗ ಸವೆಯುತ್ತದೆ, ಇನ್ನೊಬ್ಬರ ಕೈಯಲ್ಲಿ ಬಾಳುತ್ತದೆ. ಬೇರೆಯವರು ಟೈರು ಬದಲಿಸಲು ನಿಂತಾಗ ಪೆರೆಜ್ ಇನ್ನಷ್ಟು ಸುತ್ತು ಓಡಿಸಿ ಮುಂದೆ ಬರುತ್ತಿದ್ದರು. 2016 ಮತ್ತು 2017ರಲ್ಲಿ ತಂಡ ನಾಲ್ಕನೇ ಸ್ಥಾನಕ್ಕೇರಿತು. ಮುಂದಿದ್ದದ್ದು ಮರ್ಸಿಡಿಸ್, ರೆಡ್ ಬುಲ್, ಫೆರಾರಿ ಮಾತ್ರ.

ಇವರ ಮೇಲೆ ದೂರೂ ಇದೆ. 2017ರಲ್ಲಿ ಜೊತೆಗಾರ ಎಸ್ತೆಬಾನ್ ಒಕಾನ್ ಅವರ ಕಾರಿಗೂ ಇವರ ಕಾರಿಗೂ ಬಾಕುವಿನಲ್ಲಿ ತಾಗಿತು, ಸ್ಪಾದಲ್ಲಿ ಒಂದೇ ರೇಸಿನಲ್ಲಿ ಎರಡು ಸಲ ತಾಗಿತು. "ಸ್ವಂತ ತಂಡದವನಿಗೇ ಜಾಗ ಬಿಡದಾಂವ ಅದ್ಹ್ಯಾಂಗ ದೊಡ್ಡಾಂವ?" ಅಂತ ಹಲ್ಕನ್‌ಬರ್ಗ್ ಕಡೆಯವನು ಪಟ್ಟು ಹಿಡಿದ. ಅಲ್ಲಿಗೆ ವಾದ ಎರಡು ದಿನ ನಿಂತಿತ್ತು.

ಮತ್ತೆ ಎದ್ದದ್ದು 2018ರ ಜುಲೈ ನೆನಪಾದಾಗ. ತಂಡದ ಹತ್ತಿರ ಹಣ ಮುಗಿದಿತ್ತು. ಸಾಲಗಾರರು ಕೋರ್ಟಿಗೆ ಹೋಗಿದ್ದರು. ತಂಡವನ್ನು ಮುಚ್ಚಿ ಆಸ್ತಿ ಮಾರುವ ಆದೇಶ ಬಂದರೆ ಸಿಲ್ವರ್‌ಸ್ಟೋನ್‌ನ 400ಕ್ಕೂ ಹೆಚ್ಚು ಜನ ಮನೆಗೆ ಹೋಗಬೇಕಿತ್ತು. ಅಲ್ಲಿನ ಕಾನೂನಿನಲ್ಲಿ ಇನ್ನೊಂದು ದಾರಿ ಇದೆ. ಬಾಕಿ ಬರಬೇಕಾದವರು ಅರ್ಜಿ ಹಾಕಿದರೆ ಕೋರ್ಟು ಆಡಳಿತಾಧಿಕಾರಿಯನ್ನು ನೇಮಿಸುತ್ತದೆ. ಅವರು ಕೆಲಸ ನಿಲ್ಲಿಸದೆ ಕೊಳ್ಳುವವರನ್ನು ಹುಡುಕುತ್ತಾರೆ. ಆ ಅರ್ಜಿ ಹಾಕಿದವರು ಪೆರೆಜ್. ಅವರಿಗೂ ತಂಡದಿಂದ ಹಣ ಬರಬೇಕಿತ್ತು. ತಂಡದ ಕೆಲವರೇ ಬಂದು ಕೇಳಿಕೊಂಡರು, ನನ್ನ ಹಣಕ್ಕಾಗಿ ಅಲ್ಲ, ಜನರ ಕೆಲಸ ಉಳಿಯಲಿ ಅಂತ ಮಾಡಿದೆ ಎಂಬ ಅರ್ಥದ ಮಾತು ಹೇಳಿದರು.

ಸ್ವಂತ ಮಾಲೀಕರ ಕಂಪನಿ ಮೇಲೆ ತಮ್ಮ ಹೆಸರಿನಲ್ಲಿ ಕೋರ್ಟಿಗೆ ಹೋಗುವುದು ಸಣ್ಣ ಮಾತಲ್ಲ. ಇದೇ ಮಾಲೀಕರ ಕಿಂಗ್‌ಫಿಷರ್ ವಿಮಾನಗಳು 2012ರ ಅಕ್ಟೋಬರ್‌ನಲ್ಲಿ ನಿಂತಾಗ ನೌಕರರಿಗೆ ತಿಂಗಳುಗಟ್ಟಲೆ ಸಂಬಳ ಬಾಕಿ ಇತ್ತು. ಮುಷ್ಕರವನ್ನೂ ಮಾಡಿದ್ದರು. ವಿಮಾನ ಮತ್ತೆ ಹಾರಲಿಲ್ಲ.

ಇದು ನಮಗೆ ತಟ್ಟಲು ಕಾರಣ ಇದೆ. ನಮ್ಮಂಥವರಿಗೆ ಸಂಬಳ ಅಂತ ಇಲ್ಲ, ಅಚ್ಚಾದ ಸುದ್ದಿಗೆ ಇಷ್ಟು ಅಂತ ಲೆಕ್ಕ. ಕೆಲವು ವರ್ಷದ ಹಿಂದೆ ನಾವು ಬರೆಯುತ್ತಿದ್ದ ಒಂದು ಪತ್ರಿಕೆ ನಾಲ್ಕು ತಿಂಗಳ ಹಣ ಉಳಿಸಿಕೊಂಡಿತು. ಕೇಳಿದರೆ ಇದ್ದ ಕೆಲಸವೂ ಹೋಗುತ್ತದೆ ಅಂತ ಎಲ್ಲರೂ ಸುಮ್ಮನಿದ್ದೆವು. ನಮಗಿಂತ ಹತ್ತು ವರ್ಷ ಹಿರಿಯರಾದ ಒಬ್ಬರು ಇದ್ದರು, ಅಣ್ಣಾರ ಅಂತ ಕರೆಯುತ್ತಿದ್ದೆವು. ಅವರ ಪರಿಚಯಕ್ಕೆ ಅವರೊಬ್ಬರ ಹಣ ಫೋನ್ ಮಾಡಿದ್ದರೆ ಬರುತ್ತಿತ್ತು. ಅವರು ಹಾಗೆ ಮಾಡದೆ ಹದಿನಾಲ್ಕು ಜನರ ಹೆಸರು, ಬಾಕಿ ಮೊತ್ತ ಎಲ್ಲ ಬರೆದು, ಕೆಳಗೆ ಮೊದಲ ಸಹಿ ತಮ್ಮದೇ ಹಾಕಿ ಕಳಿಸಿದರು. ಎರಡು ತಿಂಗಳ ಹಣ ಎಲ್ಲರಿಗೂ ಬಂತು. ಅವರ ಸುದ್ದಿ ಮಾತ್ರ ಆಮೇಲೆ ಆ ಪತ್ರಿಕೆಯಲ್ಲಿ ಬರಲಿಲ್ಲ. ಈಗ ರಾಣೆಬೆನ್ನೂರಿನಲ್ಲಿ ಜೆರಾಕ್ಸ್ ಅಂಗಡಿ ಇಟ್ಟಿದ್ದಾರೆ.

ಅಣ್ಣಾರ ನಮ್ಮಲ್ಲಿ ಅತಿ ಚೆನ್ನಾಗಿ ಬರೆಯುವವರೇನೂ ಆಗಿರಲಿಲ್ಲ. ಆದರೆ ಆ ಪತ್ರಿಕೆಯ ಕಾಲ ನೆನೆದರೆ ನಾಲ್ವರ ಬಾಯಲ್ಲೂ ಮೊದಲು ಬರುವುದು ಅವರ ಹೆಸರು. ಈ ಮಾತು ಗ್ರೂಪಿನಲ್ಲಿ ಬಂದ ಮೇಲೆ ಸುಟಿಲ್ ಕಡೆಯವನು ತನ್ನ ವೋಟು ಪೆರೆಜ್ ಅವರಿಗೆ ಕೊಟ್ಟ. ಫಿಸಿಕೆಲ್ಲಾ ಕಡೆಯವನೂ ಬಂದ. ಹಲ್ಕನ್‌ಬರ್ಗ್ ಕಡೆಯವನು ಬರಲಿಲ್ಲ. "ಮನುಷ್ಯಾ ದೊಡ್ಡಾಂವ ಅಂತ ಒಪ್ತೀನಿ. ಚಾಲಕ ದೊಡ್ಡಾಂವ ಅನ್ನೂದು ಬ್ಯಾರೆ ಮಾತು" ಅಂದ. ಅವನ ಮಾತನ್ನು ತಳ್ಳಿಹಾಕಲು ನಮಗೂ ಆಗಿಲ್ಲ. ಆದರೆ ನಾವು ಕೇಳಿದ್ದು ಜಗತ್ತಿನ ಚಾಲಕರ ಲೆಕ್ಕವಲ್ಲ, ಒಂದು ತಂಡದ ಲೆಕ್ಕ. ತಂಡವೇ ಉಳಿಯದಿದ್ದರೆ ಆ ತಂಡದ ದೊಡ್ಡವರು ಯಾರು ಅಂತ ಕೇಳುವುದಾದರೂ ಯಾರನ್ನು?

ಮುಂದಿನ ಕಥೆ ಚಿಕ್ಕದು. ಕೆನಡಾದ ಲಾರೆನ್ಸ್ ಸ್ಟ್ರೋಲ್ ಮತ್ತು ಜೊತೆಗಾರರು ತಂಡ ಕೊಂಡರು, ಜನರ ಕೆಲಸ ಉಳಿಯಿತು, 2019ಕ್ಕೆ ಹೆಸರು ರೇಸಿಂಗ್ ಪಾಯಿಂಟ್ ಆಯಿತು. 2020ರ ಸೆಪ್ಟೆಂಬರ್‌ನಲ್ಲಿ ಅದೇ ತಂಡ ಪೆರೆಜ್ ಅವರಿಗೆ ಮುಂದಿನ ವರ್ಷ ಜಾಗ ಇಲ್ಲ ಅಂದಿತು. ಡಿಸೆಂಬರ್ 6ರಂದು ಬಹ್ರೇನ್‌ನ ಸಾಖಿರ್ ರೇಸಿನಲ್ಲಿ ಮೊದಲ ಸುತ್ತಿನಲ್ಲೇ ಇನ್ನೊಂದು ಕಾರು ತಾಗಿ ಪೆರೆಜ್ ಎಲ್ಲರಿಗಿಂತ ಹಿಂದೆ ಬಿದ್ದರು. ಒಂದೊಂದಾಗಿ ದಾಟಿ ಬಂದು ಗೆದ್ದರು. 190 ರೇಸ್ ಓಡಿಸಿದ ಮೇಲೆ ಸಿಕ್ಕ ಅವರ ಮೊದಲ ಗೆಲುವು ಅದು. ಸಿಲ್ವರ್‌ಸ್ಟೋನ್‌ನ ಆ ಕಾರ್ಖಾನೆಗೆ 2003ರಲ್ಲಿ ಫಿಸಿಕೆಲ್ಲಾ ಬ್ರೆಜಿಲ್‌ನಲ್ಲಿ ಗೆದ್ದ ಮೇಲೆ ಬಂದ ಮೊದಲ ಗೆಲುವೂ ಅದೇ. ತಂಡದ ಹೆಸರು ಈಗ ಆಸ್ಟನ್ ಮಾರ್ಟಿನ್. ಪೆರೆಜ್ ಅಲ್ಲಿಲ್ಲ, ಕಾರ್ಖಾನೆ ಇದೆ.