ನಡಿಗೆಯ ಗುರುತು

ನಮ್ಮಜ್ಜ ಒಮ್ಮೆ ಗುರುಗ್ರಹವನ್ನು ಬೆಳ್ಳಿಯೆಂದು ತಿಳಿದು ಗಾಡಿ ಕಟ್ಟಿದ್ದರು. ಚಳ್ಳಕೆರೆ ಸೀಮೆಯಲ್ಲಿ ಶೇಂಗಾ ಕಿತ್ತು, ಒಣಗಿಸಿ, ಚೀಲ ತುಂಬಿ ಪೇಟೆಗೆ ಹೇರುವ ಕಾಲ. ಬೆಳಕು ಹರಿಯುವುದರೊಳಗೆ ಮಂಡಿಯ ಮುಂದೆ ಇರಬೇಕೆಂದರೆ ಬೆಳ್ಳಿ ಮೂಡುತ್ತಲೇ ಮನೆ ಬಿಡಬೇಕು. ಎಚ್ಚರವಾಗಿ ಅಂಗಳಕ್ಕೆ ಬಂದರೆ ಮೂಡಲಿಗೆ ದೊಡ್ಡದೊಂದು ಚುಕ್ಕಿ ಹೊಳೆಯುತ್ತಿತ್ತು. ಎತ್ತುಗಳ ಹೆಗಲಿಗೆ ನೊಗ ಕೊಟ್ಟು ಹೊರಟೇಬಿಟ್ಟರು. ಊರು ದಾಟಿತು, ಹಳ್ಳ ದಾಟಿತು, ಪೇಟೆಯೂ ಬಂತು, ಬೆಳಗು ಮಾತ್ರ ಬರಲಿಲ್ಲ. ಮಂಡಿಯ ಬಾಗಿಲಲ್ಲಿ ಕಾವಲಿನವನು ಕಂಬಳಿ ಹೊದ್ದು ಮಲಗಿದ್ದನಂತೆ. ಆ ಚುಕ್ಕಿ ಅಷ್ಟರಲ್ಲಿ ಏರಿ ಏರಿ ನೆತ್ತಿಯ ಹತ್ತಿರಕ್ಕೆ ಹೋಗಿತ್ತು.

“ಆಗ ತಿಳೀತು ನೋಡು ಮಗಾ. ಬೆಳ್ಳಿ ಯಾವತ್ತೂ ನೆತ್ತಿಗೆ ಬರಾಕಿಲ್ಲ. ಅದು ಹೊತ್ತಿನ ಸೆರಗು ಬಿಟ್ಟು ದೂರ ಹೋಗಾಕಿಲ್ಲ,” ಎಂದು ಅಜ್ಜ ನನಗೆ ಹೇಳಿದ್ದು ಎಷ್ಟೋ ವರ್ಷಗಳ ಮೇಲೆ. ನಮ್ಮ ಕಡೆ ಹೊತ್ತು ಎಂದರೆ ಸೂರ್ಯ, ಬೆಳ್ಳಿ ಎಂದರೆ ಶುಕ್ರ. ಆ ಸೆರಗಿನ ಉದ್ದ 47 ಡಿಗ್ರಿ ಎಂದು ನಾನು ಓದಿಕೊಂಡದ್ದು ಕಾಲೇಜಿನಲ್ಲಿ. ತೋಳು ಪೂರಾ ಚಾಚಿ ಮುಷ್ಟಿ ಹಿಡಿದರೆ ಅದರ ಅಗಲ ಆಕಾಶದಲ್ಲಿ ಸುಮಾರು 10 ಡಿಗ್ರಿ. ಅಂದರೆ ಶುಕ್ರ ಸೂರ್ಯನಿಂದ ಐದು ಮುಷ್ಟಿಗಿಂತ ಆಚೆ ಹೋಗಲಾರದು. ಆಕಾಶ ಗಂಟೆಗೆ 15 ಡಿಗ್ರಿ ತಿರುಗುವುದರಿಂದ ಬೆಳ್ಳಿ ಎಷ್ಟು ಬೇಗ ಮೂಡಿದರೂ ಬೆಳಗಾಗಲು ಮೂರು ಗಂಟೆಯಷ್ಟೇ ಉಳಿದಿರುತ್ತದೆ. ನಡುರಾತ್ರಿ ಮೂಡಲಲ್ಲಿ ಎಷ್ಟೇ ಝಗಝಗಿಸಿದರೂ ಅದು ಶುಕ್ರ ಅಲ್ಲ, ಬಹುಪಾಲು ಗುರುವೇ. ಅಜ್ಜ ಇನ್ನೂ ಒಂದು ಗುರುತು ಇಟ್ಟುಕೊಂಡಿದ್ದರು: ಸಂಜೆ ಪಡುವಣದಲ್ಲಿ ಬೆಳ್ಳಿ ಕಂಡ ದಿನಗಳಲ್ಲಿ ಬೆಳಗಿನ ಜಾವ ಅದನ್ನು ಹುಡುಕಬಾರದು. ಎಂಟು ಒಂಬತ್ತು ತಿಂಗಳು ಸಂಜೆ, ಆಮೇಲೆ ಕೆಲವು ದಿನ ಕಣ್ಮರೆ, ಆಮೇಲೆ ಅಷ್ಟೇ ತಿಂಗಳು ಬೆಳಗು, ಮತ್ತೆ ಕಣ್ಮರೆ. ಒಂದು ಸುತ್ತಿಗೆ 584 ದಿನ.

ಆಕಾಶ ನೋಡಲು ಹೊಸದಾಗಿ ಹೊರಟವರಿಗೆಲ್ಲ ಮೊದಲು ಹೇಳಿಕೊಡುವುದು ನಕ್ಷತ್ರ ಮಿನುಗುತ್ತದೆ, ಗ್ರಹ ಮಿನುಗುವುದಿಲ್ಲ ಎಂದು. ಮಾತು ಸುಳ್ಳಲ್ಲ. ನಕ್ಷತ್ರ ದೂರದ ಬರೀ ಬಿಂದು, ಗಾಳಿ ಅಲುಗಿದರೆ ಅದರ ಬೆಳಕೂ ಅಲುಗುತ್ತದೆ. ಗ್ರಹ ಎಷ್ಟೇ ಸಣ್ಣದಾದರೂ ಒಂದು ಬಿಲ್ಲೆ, ಒಂದು ಅಂಚಿನ ಕಂಪನವನ್ನು ಇನ್ನೊಂದು ಅಂಚು ಸರಿದೂಗಿಸುತ್ತದೆ. ಆದರೆ ದಿಗಂತದ ಬಳಿ ದಪ್ಪ ಗಾಳಿಯ ಹಿಂದೆ ನಿಂತಾಗ ಶುಕ್ರನೂ ಕೆಂಪು ಹಸಿರು ಚೆಲ್ಲುತ್ತ ನಡುಗುತ್ತದೆ. ಹಾಗಾಗಿ ನಾನು ಈ ಗುರುತನ್ನು ಪೂರ್ತಿ ನಂಬುವುದಿಲ್ಲ. ನಾನು ನಂಬುವುದು ನಡಿಗೆಯನ್ನು. ಬಯಲುಸೀಮೆಯಲ್ಲಿ ಹೊಲದ ದಾರಿಯ ಮೇಲೆ ಯಾರೋ ಬರುತ್ತಿದ್ದರೆ ಮುಖ ಕಾಣುವ ಮೊದಲೇ ನಡಿಗೆ ನೋಡಿ ಇಂಥವರೇ ಎಂದು ಹೇಳುತ್ತೇವಲ್ಲ, ಹಾಗೆ. ಅದಕ್ಕೆ ಒಂದು ರಾತ್ರಿ ಸಾಲದು. ಇವತ್ತು ಚುಕ್ಕಿಯ ಪಕ್ಕದಲ್ಲಿ ಯಾವ ನಕ್ಷತ್ರ ಇದೆ ಎಂದು ಗುರುತು ಹಾಕಿಕೊಂಡು ವಾರ ಬಿಟ್ಟು ಮತ್ತೆ ನೋಡಬೇಕು. ಸರಿದಿದ್ದರೆ ಅದು ಗ್ರಹ.

ಹುಡುಕಬೇಕಾದ ದಾರಿಯೂ ಒಂದೇ. ಸೂರ್ಯ ಚಂದ್ರರು ನಡೆಯುವ ಪಟ್ಟಿಯನ್ನು ಬಿಟ್ಟು ಬರಿಗಣ್ಣಿಗೆ ಕಾಣುವ ಐದೂ ಗ್ರಹಗಳು ಹೆಚ್ಚು ಆಚೀಚೆ ಹೋಗುವುದಿಲ್ಲ. ಸಪ್ತರ್ಷಿ ಮಂಡಲದಲ್ಲಿ ಗ್ರಹವನ್ನು ಯಾರೂ ಕಂಡಿಲ್ಲ. ನಮ್ಮ 27 ನಕ್ಷತ್ರಗಳು ಈ ದಾರಿಯ ಮೈಲಿಗಲ್ಲುಗಳು. ಮಳೆಯ ಹೆಸರುಗಳಾಗಿ ಅವು ರೈತರ ಬಾಯಲ್ಲಿ ಇವತ್ತಿಗೂ ಉಳಿದಿವೆ. ಅದರೊಳಗೊಂದು ಸೋಜಿಗ ಇದೆ. ಮೇ ಕೊನೆಯಲ್ಲಿ ರೋಹಿಣಿ ಮಳೆ ಎನ್ನುತ್ತೇವೆ, ಆ ದಿನಗಳಲ್ಲಿ ರೋಹಿಣಿ ನಕ್ಷತ್ರ ಮಾತ್ರ ಕಾಣುವುದಿಲ್ಲ, ಏಕೆಂದರೆ ಸೂರ್ಯ ಅದರ ಮನೆಯಲ್ಲೇ ಇರುತ್ತಾನೆ. ಬಿತ್ತನೆಗೆ ಕಾದು ಕೂತವರು ಕಣ್ಣಿಗೆ ಕಾಣದ ನಕ್ಷತ್ರದ ಹೆಸರು ಹಿಡಿದು ಮೋಡ ನೋಡುತ್ತಾರೆ. ಈ ಲೆಕ್ಕವನ್ನು ಮೊದಲು ಹಾಕಿದವರ ಮುಂದೆ ನನಗೆ ಕೈಮುಗಿಯಬೇಕೆನಿಸುತ್ತದೆ.

ಗುರು ಮೌಢ್ಯ, ಶುಕ್ರ ಮೌಢ್ಯವೂ ಇಂಥದ್ದೇ. ನಮ್ಮ ಸೋದರತ್ತೆಯ ಮದುವೆ ಶುಕ್ರ ಮೌಢ್ಯವೆಂದು ಮುಂದಕ್ಕೆ ಹೋಗಿತ್ತು. ಶುಭ ಅಶುಭದ ಮಾತು ಹಾಗಿರಲಿ, ಮೌಢ್ಯ ಎಂದರೆ ಗ್ರಹ ಸೂರ್ಯನ ಪ್ರಭೆಯಲ್ಲಿ ಮುಳುಗಿ ಕಾಣದಿರುವ ಕಾಲ. ಶುಕ್ರ ಸೂರ್ಯನ ಆಚೆ ಬದಿಗೆ ಹೋದಾಗ ಹೆಚ್ಚುಕಡಿಮೆ ಎರಡು ತಿಂಗಳು ಮರೆಯಾಗುತ್ತದೆ, ಈಚೆ ಬದಿಗೆ ಬಂದಾಗ ಕೆಲವೇ ದಿನ. ಪಂಚಾಂಗದ ಆ ಸಾಲು ಎಂದೋ ಯಾರೋ ಸಂಜೆ ಸಂಜೆಯೂ ಪಡುವಣ ನೋಡುತ್ತ ನಿಂತು ಕಂಡುಕೊಂಡದ್ದು. ಈಗ ಮುಹೂರ್ತ ಕೇಳುವ ಮನೆಗಳಲ್ಲಿ ಹೊರಗೆ ಬಂದು ಆಕಾಶ ನೋಡುವವರು ಕಡಿಮೆ ಎಂಬುದು ನನಗೆ ನಿಜಕ್ಕೂ ನೋವಿನ ಸಂಗತಿ.

ಮಂಗಳನ ಹೆಸರೇ ಅಂಗಾರಕ, ಕೆಂಡ. ಆದರೂ ಬಣ್ಣ ನಂಬಿ ನಾನು ಎರಡು ಸಲ ಜ್ಯೇಷ್ಠಾ ನಕ್ಷತ್ರವನ್ನು ಮಂಗಳ ಎಂದಿದ್ದೇನೆ. ಗ್ರೀಕರು ಅದನ್ನು ಅಂಟಾರೀಸ್, ಮಂಗಳನ ಎದುರಾಳಿ ಎಂದು ಕರೆದದ್ದು ಸುಮ್ಮನೆ ಅಲ್ಲ. ಮಂಗಳನ ಹೊಳಪಿನ ಏರಿಳಿತ ದೊಡ್ಡದು. 26 ತಿಂಗಳಿಗೊಮ್ಮೆ ಭೂಮಿ ಅದನ್ನು ಹಿಂದೆ ಹಾಕುವಾಗ ಉರಿದು ನಿಲ್ಲುತ್ತದೆ, ವರ್ಷದ ಮೇಲೆ ಸಾಮಾನ್ಯ ಚುಕ್ಕಿಗಳಲ್ಲಿ ಕಳೆದುಹೋಗುತ್ತದೆ. ಆ ಹಿಂದೆ ಹಾಕುವ ವಾರಗಳಲ್ಲೇ ಅದು ವಕ್ರವಾಗುವುದು. ಬಸ್ಸಿನ ಕಿಟಕಿಯಿಂದ ನೋಡಿದರೆ ಮುಂದೆ ಸಾಗುತ್ತಿರುವ ಎತ್ತಿನ ಗಾಡಿ ಹಿಂದಕ್ಕೆ ಸರಿದಂತೆ ಕಾಣುತ್ತದಲ್ಲ, ಅಷ್ಟೇ. 2003ರ ಆಗಸ್ಟ್ 27ರಂದು ಅದು ಸುಮಾರು 5.6 ಕೋಟಿ ಕಿಲೋಮೀಟರ್ ದೂರಕ್ಕೆ ಬಂದಿತ್ತು. ಹತ್ತಿರಹತ್ತಿರ 60,000 ವರ್ಷಗಳಲ್ಲಿ ಅಷ್ಟು ಸಮೀಪ ಬಂದಿರಲಿಲ್ಲ. ಮೋಡದ ಸಂದಿಯಲ್ಲಿ ಕಂಡ ಆ ಕೆಂಪು ನನಗೆ ಮರೆತಿಲ್ಲ.

ಬುಧನಿಗಾಗಿ ನಾನು ವರ್ಷಗಟ್ಟಲೆ ಕಾದೆ. ಅದರ ಸೆರಗು ಇನ್ನೂ ಗಿಡ್ಡ, ಹೆಚ್ಚೆಂದರೆ 28 ಡಿಗ್ರಿ. ಬೆಂಗಳೂರಿನಲ್ಲಿ ಅಷ್ಟು ಕೆಳಗಿನ ಆಕಾಶವನ್ನು ಕಟ್ಟಡಗಳು ನುಂಗಿರುತ್ತವೆ. ಕೊನೆಗೆ ಕಂಡದ್ದು ಊರಿನಲ್ಲಿ, ಒಂದು ಮಾರ್ಚ್ ತಿಂಗಳ ಸಂಜೆ. ನಮ್ಮ ಅಕ್ಷಾಂಶದಲ್ಲಿ ಆಗ ಗ್ರಹಗಳ ದಾರಿ ಪಡುವಣದಲ್ಲಿ ಗಳು ನೆಟ್ಟಂತೆ ನೆಟ್ಟಗೆ ಏಳುತ್ತದೆ; ಯೂರೋಪಿನವರಿಗಿಂತ ನಮಗೆ ಬುಧ ಸುಲಭ. ಕಣದ ಬಣವೆಗೆ ಒರಗಿ ನಿಂತಿದ್ದೆ. ಸೂರ್ಯ ಮುಳುಗಿ ಮುಕ್ಕಾಲು ಗಂಟೆಯಾಗಿತ್ತು. ಕುರಿಹಟ್ಟಿಯ ಕಡೆ ದೂಳು ಇಳಿಯುತ್ತಿತ್ತು. ಆ ದೂಳಿನ ಮೇಲೆ, ಒಂದು ಮುಷ್ಟಿ ಎತ್ತರದಲ್ಲಿ, ಹಣತೆಯಂಥ ಚುಕ್ಕಿ. ಮೊದಲು ನಂಬಲಿಲ್ಲ. ಮರುದಿನ ಅದೇ ಬಣವೆಗೆ ಒರಗಿ ಅದೇ ಹೊತ್ತಿಗೆ ನೋಡಿದೆ, ತುಸು ಮೇಲಿತ್ತು. ಹತ್ತು ದಿನದಲ್ಲಿ ಏರಿ, ನಿಂತು, ಇಳಿಯತೊಡಗಿತು. ನನಗೆ ಕಾಯುವುದನ್ನು ಕಲಿಸಿದ್ದು ಬುಧ.

ಅದಕ್ಕೆ ತೀರ ಎದುರು ಶನಿ. ಶನೈಶ್ಚರ ಎಂದರೆ ಮೆಲ್ಲಗೆ ನಡೆಯುವವನು, ಹೆಸರಿಟ್ಟವರು ನಡಿಗೆಯನ್ನೇ ಹೆಸರಾಗಿಸಿದ್ದಾರೆ. ಗುರು ವರ್ಷಕ್ಕೊಂದು ರಾಶಿ ದಾಟಿದರೆ ಇದಕ್ಕೆ ಎರಡೂವರೆ ವರ್ಷ ಬೇಕು. ಮೂರು ರಾಶಿ ದಾಟಿದರೆ ಏಳೂವರೆ, ಅದೇ ಸಾಡೇಸಾತಿ. ಇಪ್ಪತ್ತು ವರ್ಷಕ್ಕೊಮ್ಮೆ ಗುರು ಬಂದು ಶನಿಯನ್ನು ದಾಟಿ ಹೋಗುತ್ತದೆ. 2020ರ ಡಿಸೆಂಬರ್ 21ರ ಸಂಜೆ ಎರಡರ ನಡುವೆ ಉಳಿದದ್ದು ಹುಣ್ಣಿಮೆ ಚಂದ್ರನ ಅಗಲದ ಐದನೇ ಒಂದು ಪಾಲು. 1623ರಿಂದೀಚೆಗೆ ಅವು ಅಷ್ಟು ಹತ್ತಿರ ಬಂದಿರಲಿಲ್ಲ. ಕೊರೋನಾದಿಂದ ಮನೆಯೊಳಗೇ ಉಳಿದಿದ್ದ ನಮ್ಮ ಬೀದಿಯವರು ಅಂದು ತಾರಸಿ ಹತ್ತಿದ್ದರು.

ಶನಿಯನ್ನು ನನಗೆ ಮೊದಲು ತೋರಿಸಿದ್ದು ಅಜ್ಜನೇ, 1996ರ ದೀಪಾವಳಿಯ ಸುಮಾರಿಗೆ. ನೆತ್ತಿಯ ಮೇಲೆ ಮಂಚದ ಕಾಲುಗಳಂತೆ ನಾಲ್ಕು ಚುಕ್ಕಿಗಳ ಚೌಕ, ಪೂರ್ವಾಭಾದ್ರ ಮತ್ತು ಉತ್ತರಾಭಾದ್ರ. ಅದರ ತೆಂಕಲಿಗೆ ಒಂಟಿಯಾಗಿ, ಮಾಸಲು ಹಳದಿ ಬಣ್ಣದಲ್ಲಿ ಅಲುಗದೆ ಉರಿಯುವ ಚುಕ್ಕಿ. ಮಿಕ್ಕವನ್ನೆಲ್ಲ ಬಾರುಕೋಲು ಎತ್ತಿ ತೋರಿಸುತ್ತಿದ್ದ ಅಜ್ಜ ಶನಿಗೆ ಮಾತ್ರ ಕೋಲು ಎತ್ತಲಿಲ್ಲ, ಬೆರಳನ್ನೂ ಎತ್ತಲಿಲ್ಲ. ನನ್ನ ಎರಡೂ ಭುಜ ಹಿಡಿದು ಆ ಕಡೆಗೆ ತಿರುಗಿಸಿ, “ಅಲ್ಲೈತೆ ನೋಡು ಸ್ವಾಮಿ,” ಎಂದರು.

ಅದು ಒಂದು ಸುತ್ತು ಮುಗಿಸಲು 29 ವರ್ಷದ ಮೇಲೆ ಬೇಕು. 2025ರ ನವೆಂಬರಿನಲ್ಲಿ ಊರಿಗೆ ಹೋಗಿದ್ದಾಗ ಅದು ಅದೇ ಚೌಕದ ಕೆಳಗೆ ಬಂದು ನಿಂತಿತ್ತು. ಮಗಳನ್ನು ಅಂಗಳಕ್ಕೆ ಕರೆದೆ. ತೋರಿಸಲು ಹೋದ ಕೈ ಅರ್ಧಕ್ಕೆ ನಿಂತಿತು. ಅವಳ ಭುಜ ಹಿಡಿದು ತೆಂಕಲಿಗೆ ತಿರುಗಿಸಿದೆ.